ಮಂಗಳೆ ಹೊಳೆಯ ಮಡಿಲಕ್ಕಿ

ದೇವರುಗಳು ದಾರಿ ನಡೆದು ದಣಿದಾಗ ಬಡವರ ಜಗಲಿಯ ಮೇಲೆ ಕೂತು, ಒಂದು ಚೆಂಬು ಮಜ್ಜಿಗೆ ಕುಡಿದು, ಹರಸಿ ಹೋಗುತ್ತಿದ್ದ ಕಾಲದಲ್ಲಿ ಕಲ್ಪಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದ ನಡುವೆ ಮಂಗಳೆ ಎಂಬ ಹೊಳೆ ಹರಿಯುತ್ತಿತ್ತು. ಕಲ್ಪಗಿರಿ ಅವಳ ತವರು, ಪಡುವಣ ಕಡಲು ಅವಳ ಗಂಡನ ಮನೆ. ಆ ತಾಯಿ ಹರಿದ ಕಡೆಯೆಲ್ಲ ಭತ್ತ ತೂಗುತ್ತಿತ್ತು, ಹಸುವಿನ ಕೆಚ್ಚಲು ತುಂಬುತ್ತಿತ್ತು. ಎಲ್ಲವೂ ಅವಳ ಕೃಪೆ. ನಮ್ಮದು ಅಂತ ಏನಿದೆ?

ಒಂದು ಬೇಸಿಗೆಯಲ್ಲಿ ಹೊಳೆ ಸಣ್ಣಗಾಯಿತು. ಧವಳವರ್ಮನೆಂಬ ರಾಜನಿಗೆ ಹೆದರಿಕೆ ಹತ್ತಿತು. ಹೆದರಿದವನ ಬಾಗಿಲಿಗೆ ಯಾರು ಬರಬಾರದೋ ಅವನೇ ಬಂದ. ಶಿಲಾಕ್ಷನೆಂಬ ಮಾಂತ್ರಿಕ. ಅವನ ಕಣ್ಣುಗಳು ಎರಡು ಬೆಣಚುಕಲ್ಲುಗಳು, ರೆಪ್ಪೆ ಬಡಿಯುತ್ತಿರಲಿಲ್ಲ. ಕೊಡಗಟ್ಟಲೆ ನೀರು ಕುಡಿದರೂ ಅವನ ತುಟಿ ಒಣಗಿಯೇ ಇರುತ್ತಿತ್ತು.

"ಮಹಾರಾಜ, ಹೊಳೆ ಓಡಿ ಹೋಗುತ್ತಿದೆ, ನೀವು ನೋಡುತ್ತಾ ನಿಂತಿದ್ದೀರಿ. ನಾನೊಂದು ಅಣೆ ಕಟ್ಟಿಕೊಡುತ್ತೇನೆ. ಒಂದು ಹನಿಯೂ ನಿಮ್ಮ ನಾಡು ಬಿಟ್ಟು ಹೋಗದು" ಎಂದ.

"ಅದಕ್ಕೆ ನಿನಗೇನು ಕೊಡಬೇಕು?"

"ನನಗೇನೂ ಬೇಡ. ಅಣೆ ತುಂಬಿದಾಗಲೆಲ್ಲ ಹೊಳೆಯಮ್ಮನಿಗೆ ಮಡಿಲು ತುಂಬಿಸಿ. ತುಂಬಿಸಿದ ಕೂಡಲೇ ತೂಬಿನ ಬಾಗಿಲು ಹಾಕಿಸಿ. ಅಷ್ಟೇ."

ಮಡಿಲು ತುಂಬುವುದು ಮಂಗಳದ ಕೆಲಸವೇ ಅಲ್ಲವೇ ಎಂದುಕೊಂಡು ರಾಜ ಒಪ್ಪಿದ. ಸೂರ್ಯ ಹುಟ್ಟಿ ಮುಳುಗುವುದರೊಳಗೆ ಎರಡು ಬೆಟ್ಟಗಳ ನಡುವೆ ಗೋಡೆ ಎದ್ದು ನಿಂತಿತು. ಗೋಡೆಯ ನೆತ್ತಿಯಲ್ಲಿ ಬಾಯಿ ತೆರೆದ ಕಲ್ಲಿನ ಸಿಂಹ, ಬುಡದಲ್ಲಿ ನೀರು ಹೊರಬಿಡುವ ಒಂದು ತೂಬು. ನೀರು ನಿಂತಿತು. ಹಳೆಯ ಊರು ಮುಳುಗಿತು, ಊರ ಗೌರಮ್ಮನ ಗುಡಿಯೂ ಮುಳುಗಿತು. ರಾಜ ಪಲ್ಲಕ್ಕಿಯಲ್ಲಿ ಬಂದು ಚಿನ್ನದ ಮೊರದಲ್ಲಿ ಮಡಿಲಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ ಇಟ್ಟು ನೀರಿಗೆ ಬಿಟ್ಟ. ತೂಬು ಧಡ್ ಎಂದು ಮುಚ್ಚಿತು. ಜನ ಕೈಮುಗಿದರು.

ಆಮೇಲೆ ಗೋಡೆ ಕರೆಯತೊಡಗಿತು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅದು ಯಾರಾದರೊಬ್ಬರ ಹೆಸರು ಹಿಡಿದು ಕರೆಯುತ್ತಿತ್ತು. ಕರೆಸಿಕೊಂಡವನು ಕೈಯಲ್ಲಿದ್ದ ತುತ್ತು ಬಿಟ್ಟು, ಎದ್ದು, ಏರಿಯ ಮೇಲೆ ನಡೆದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ನಿಂತವನು ಕಲ್ಲಾಗುತ್ತಿದ್ದ. ನೀರು ಏರಿದ ಹಾಗೆ ಗೋಡೆ ಏರಬೇಕು, ಗೋಡೆ ಏರಲು ಕಲ್ಲು ಬೇಕು. ರಾಜ ಓಡಿಬಂದು ಶಿಲಾಕ್ಷನ ಕಾಲು ಹಿಡಿದಾಗ ಅವನು ನಕ್ಕ: "ಇಷ್ಟಕ್ಕೇ ಅಳುತ್ತೀರಾ ಮಹಾರಾಜ? ನೀರು ಸಿಂಹದ ತುಟಿ ಮುಟ್ಟಲಿ. ಅವತ್ತಿನಿಂದ ಈ ಕಲ್ಲುಗಳು ಎಂದೆಂದಿಗೂ ಕಲ್ಲೇ. ಈ ನೀರು ಕುಡಿದವರೆಲ್ಲ ನನ್ನ ಆಳುಗಳು. ನಿಮ್ಮನ್ನೂ ಸೇರಿಸಿ."

ಏರಿಯ ಪಕ್ಕದಲ್ಲಿ ಮಡುವಿನಕೊಪ್ಪ ಎಂಬ ಊರಿತ್ತು. ಅಲ್ಲಿ ಹರಿಗೋಲು ನಡೆಸುವ ಅಂಬಿಗರ ಮನೆಯ ಸೊಸೆ ಹೊನ್ನಾಜಿ. ಅವಳ ಗಂಡ ಕೆಂಚಣ್ಣ ಒಂದು ಸಂಜೆ ಹರಿಗೋಲಿಗೆ ತೊಗಲು ಬಿಗಿಯುತ್ತಾ ಕೂತಿದ್ದವನು, ಸತ್ತ ಅಪ್ಪನ ದನಿ ಕೇಳಿ ಎದ್ದು ಹೋದ. ಹೊನ್ನಾಜಿ ಹಿಂದೆ ಓಡಿದಳು. ಅವಳ ಕೈಗೆ ಸಿಕ್ಕಿದ್ದು ತಣ್ಣಗಿನ ಕಲ್ಲು. ಹಗ್ಗ ಎಳೆದೂ ಎಳೆದೂ ಅವನ ಭುಜದಲ್ಲಿ ಬಿದ್ದಿದ್ದ ಗುರುತು ಆ ಕಲ್ಲಿನಲ್ಲೂ ಹಾಗೇ ಇತ್ತು.

ಅಂದಿನಿಂದ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಸಂಕವ್ವ.

ಒಂದು ಮುಸ್ಸಂಜೆ ಗೋಡೆ ಕರೆಯಿತು. "ಹೊನ್ನಾ… ಬಾರೆ. ಇಲ್ಲಿ ಚಳಿ ಕಣೆ."

ಅದು ಕೆಂಚಣ್ಣನ ದನಿ. ಹೊನ್ನಾಜಿಯ ಕೈಯಿಂದ ಬತ್ತಿ ಬಿತ್ತು. ಕಾಲು ತಾನಾಗಿ ಹೊಸಿಲ ಕಡೆ ಹೊರಟಿತು. ಸಂಕವ್ವ ಓಡಿಬಂದು ಸೊಸೆಯ ಸೆರಗನ್ನು ಕಂಬಕ್ಕೆ ಬಿಗಿದು, ಅದರ ಮೇಲೆ ತಾನೇ ಕೂತುಬಿಟ್ಟಳು.

"ಬಿಡತ್ತೆ, ಅವರು ಕರೀತಾವ್ರೆ!"

"ಅವನಲ್ಲ ಕಣೆ, ಗೋಡೆ ಕಣೆ! ನನ್ನ ಮಗ ಹುಟ್ಟಿದಾಗಿಂದ ಚಳಿ ಅಂದೋನಲ್ಲ, ಮಾಗಿ ತಿಂಗಳಲ್ಲೂ ಬರಿ ಮೈಯಲ್ಲಿ ಮಲಗೋ ಎಮ್ಮೆ ಅವನು. ಮಗನ್ನ ನುಂಗ್ತು, ಈಗ ಸೊಸೇನೂ ಬೇಕಂತೆ. ನೀನೂ ಹೋದ್ರೆ ನಾನು ಯಾರನ್ನ ಬೈಕೊಂಡು ಬದುಕಲಿ?"

ಕತ್ತಲು ಪೂರ್ತಿ ಇಳಿಯುವವರೆಗೂ ಗೋಡೆ ಕರೆಯುತ್ತಲೇ ಇತ್ತು, ಅತ್ತೆ ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳುತ್ತಾ ಅಳುತ್ತಲೇ ಇದ್ದಳು.

ಬೆಳಗ್ಗೆ ಹೊನ್ನಾಜಿ ಏರಿಯ ಮೇಲೆ ನಿಂತು ನೋಡಿದಳು. ನೀರು ಸಿಂಹದ ಗದ್ದದ ಹತ್ತಿರ ಬಂದಿತ್ತು. ಸಂಜೆಯ ಹೊತ್ತಿಗೆ ತುಟಿ ಮುಟ್ಟುತ್ತದೆ. ಮನೆಗೆ ಬಂದು ಅತ್ತೆಗೆ ಹೇಳಿದಳು: "ಸಂಜೆವರೆಗೆ ಕೂತು ಕರೆಸಿಕೊಂಡು ಹೋಗೋದಕ್ಕಿಂತ ಈಗಲೇ ನಾನಾಗಿ ಹೋಗ್ತೀನಿ ಅತ್ತೆ. ಗೋಡೆ ಹತ್ರ ಅಲ್ಲ, ಹೊಳೆಯಮ್ಮನ ಹತ್ರ. ಒಳಗೆ ಎಲ್ಲೋ ಇದ್ದಾಳಲ್ಲ ಅವಳು. ಗಂಡನ್ನ ಕೊಡು ಅಂತ ಕಾಲು ಹಿಡೀತೀನಿ."

ಸಂಕವ್ವ ಒಳಗೆ ಹೋಗಿ, ಮಡಕೆಯ ತಳ ಕೆರೆದು ಒಂದಿಷ್ಟು ಅಕ್ಕಿ, ಒಂದು ಕಾಯಿ ತಂದು ಸೊಸೆಯ ಸೆರಗಿಗೆ ಕಟ್ಟಿದಳು. "ಹೆಣ್ಣುಮಗಳನ್ನ ನೋಡಕ್ಕೆ ಬರಿಗೈಲಿ ಹೋಗಬಾರದು. ನಡೀ" ಎಂದು ಮುಖ ತಿರುಗಿಸಿಕೊಂಡಳು.

ಹೊನ್ನಾಜಿ ಗಂಡನ ಹರಿಗೋಲು ನೀರಿಗಿಳಿಸಿದಳು. ನೀರು ಕಾಡಿಗೆಯ ಹಾಗೆ ಕಪ್ಪಗಿತ್ತು. ಅಲೆ ಇಲ್ಲ, ಸದ್ದಿಲ್ಲ. ಒಂದು ಹಕ್ಕಿಯೂ ಆ ನೀರಿನ ಮೇಲೆ ಹಾರುತ್ತಿರಲಿಲ್ಲ. ನಡುನೀರಿಗೆ ಬರುವಷ್ಟರಲ್ಲಿ ಕೆಳಗೆ ಏನೋ ಕದಲಿತು. ಎತ್ತಿನಗಾಡಿಯಷ್ಟು ಉದ್ದದ ಮೊಸಳೆ ಮೇಲೆದ್ದಿತು. ಅದರ ಬೆನ್ನು ಕಬ್ಬಿಣ, ಹಲ್ಲು ಕಬ್ಬಿಣ. ಅದು ಹರಿಗೋಲಿನ ಸುತ್ತ ಒಂದು ಸುತ್ತು ಬಂದಿತು, ಇನ್ನೊಂದು ಸುತ್ತು ಬಂದಿತು, ಬರುತ್ತಲೇ ಇದ್ದಿತು. ನೀರು ಸುಳಿಯಾಯಿತು. ಹರಿಗೋಲು ಬೀಸುವ ಕಲ್ಲಿನ ಹಾಗೆ ತಿರುಗತೊಡಗಿತು. ಮುಂಚೆ ಬಂದಿದ್ದ ರಾಜಭಟರ ದೋಣಿಗಳ ಮುರಿದ ಹಲಗೆಗಳು ಅದೇ ಸುಳಿಯಲ್ಲಿ ಅವಳ ಜೊತೆ ಸುತ್ತುತ್ತಿದ್ದವು.

ಅವಳ ಕೈ ಹುಟ್ಟು ಹಾಕಲು ತವಕಿಸಿತು. ಆದರೆ ಮದುವೆಯಾದ ಹೊಸದರಲ್ಲಿ ಕೆಂಚಣ್ಣ ಕಲಿಸಿದ್ದ ಕೆಲಸ ಕೈಗೇ ನೆನಪಾಯಿತು. ಸುಳಿಯಲ್ಲಿ ಹರಿಗೋಲಿನವರು ಹುಟ್ಟು ಹಾಕುವುದಿಲ್ಲ. ಹಾಕಿದರೆ ಮಗುಚುತ್ತದೆ. ಹುಟ್ಟನ್ನು ಒಳಗೆ ಎಳೆದುಕೊಂಡು, ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತು, ಸುಳಿ ತಾನಾಗಿ ಬಿಡುವವರೆಗೆ ಸುಮ್ಮನಿರಬೇಕು. ಹೊನ್ನಾಜಿ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಣ್ಣು ಮುಚ್ಚಲಿಲ್ಲ, ಮುಚ್ಚಲು ಧೈರ್ಯವಾಗಲಿಲ್ಲ. "ಅಮ್ಮಾ ಗೌರಮ್ಮ, ಅಮ್ಮಾ ಗೌರಮ್ಮ" ಎನ್ನುತ್ತಾ ಹಲ್ಲು ಕಟಕಟ ಎನ್ನುತ್ತಿದ್ದರೂ ಕೂತಲ್ಲೇ ಕೂತಳು.

ಮೊಸಳೆ ಸುತ್ತಿ ಸುತ್ತಿ ನಿಂತಿತು. ಹರಿಗೋಲಿನ ಅಂಚಿನ ಮೇಲೆ ಗದ್ದವಿಟ್ಟು ಕೇಳಿತು:

"ಯಾಕೆ ಒದ್ದಾಡ್ತಿಲ್ಲ ನೀನು?"

"ಒದ್ದಾಡಿದ್ರೆ ಮುಳುಗ್ತದಪ್ಪ."

"ಒದ್ದಾಡೋದನ್ನ ಮಾತ್ರ ಕಚ್ಚು ಅಂತ ನನಗೆ ಅಪ್ಪಣೆ. ಸುಮ್ಮನೆ ಕೂತೋರನ್ನ ಏನು ಮಾಡಬೇಕು ಅಂತ ಆ ಕಲ್ಲುಗಣ್ಣ ಹೇಳೇ ಇಲ್ಲ" ಎಂದು ಮೊಸಳೆ ಬೇಸರದಿಂದ ಉಸಿರುಬಿಟ್ಟಿತು. "ಹೊಳೆ ಹರೀತಿದ್ದಾಗ ನಾನೂ ಮರಳ ಮೇಲೆ ಬಿಸಿಲು ಕಾಯಿಸ್ತಿದ್ದೆ ತಾಯಿ. ಈಗ ಮರಳೂ ಇಲ್ಲ, ಬಿಸಿಲೂ ತಾಗಲ್ಲ. ಬಾ, ಬೆನ್ನ ಮೇಲೆ ಕೂತ್ಕೋ. ನನ್ನ ಮೇಲಿರೋವರೆಗೂ ನೀರು ನಿನ್ನ ಮೂಗಿಗೆ ಹೋಗಲ್ಲ."

ಹೊನ್ನಾಜಿ ಕೂತಳು. ಮೊಸಳೆ ಕೆಳಗಿಳಿಯಿತು. ಬೆಳಕು ಹಿಂದೆ ಉಳಿಯಿತು. ಹಳೆಯ ಊರಿನ ಬೀದಿ ಬಂದಿತು. ಅವಳು ಹುಟ್ಟಿದ ಮನೆಯ ಬಾಗಿಲು ತೆರೆದೇ ಇತ್ತು, ಅಟ್ಟದ ಮೇಲೆ ಮೀನುಗಳು ಓಡಾಡುತ್ತಿದ್ದವು. ಬೀದಿಯ ಕೊನೆಯಲ್ಲಿ ಗೌರಮ್ಮನ ಗುಡಿ. ಗುಡಿಯ ಬಾಗಿಲಿಗೆ ಅಡ್ಡಲಾಗಿ, ಹಂಡೆಗಿಂತ ದಪ್ಪನೆಯ ಹೆಬ್ಬಾವು ಸುರುಳಿ ಸುತ್ತಿ ಮಲಗಿತ್ತು. ಅದಕ್ಕೆ ಕಣ್ಣುಗಳಿರಲಿಲ್ಲ. ಬರಿ ಬಾಯಿ. ಬಾಯಿಯ ಪಕ್ಕದಲ್ಲಿ ಮನುಷ್ಯರ ಕಾಲುಂಗುರ, ಕಡಗ, ಪೂಜಾರಿಯ ಗಂಟೆ ಬಿದ್ದಿದ್ದವು.

"ಏನು ಬೇಡಕ್ಕೆ ಬಂದೆ?" ಎಂದಿತು ಹೆಬ್ಬಾವು.

ಹೊನ್ನಾಜಿಗೆ ಸುಳ್ಳು ಬರುತ್ತಿರಲಿಲ್ಲ. "ಗಂಡನ್ನ ಬೇಡಕ್ಕೆ."

ಹೆಬ್ಬಾವು ಬಾಯಿ ತೆರೆಯಿತು. ಅದರ ಗಂಟಲೊಳಗೆ ಕತ್ತಲೆಗಿಂತ ಕಪ್ಪಾದದ್ದೇನೋ ಕಂಡಿತು. "ಮಳೆ ಬೇಡಿದೋರು, ಬಂಗಾರ ಬೇಡಿದೋರು, ಗಂಡುಮಗ ಬೇಡಿದೋರು, ಎಲ್ಲ ಇಲ್ಲೇ ಇದ್ದಾರೆ. ನೀನೂ ಬಾ. ಬೇಡುವ ಬಾಯಿ ಇಟ್ಟುಕೊಂಡು ಒಳಗೆ ಹೋಗಕ್ಕೆ ಅಪ್ಪಣೆ ಇಲ್ಲ."

ಹೊನ್ನಾಜಿಗೆ ಗಂಡ ಕಣ್ಣ ಮುಂದೆ ಬಂದ. ಅವನನ್ನು ಬೇಡದೆ ಹೋದರೆ ಬಂದದ್ದಾದರೂ ಯಾಕೆ? ಆದರೆ ಸೆರಗಿನಲ್ಲಿ ಅತ್ತೆ ಕಟ್ಟಿದ ಗಂಟು ಭಾರವಾಗಿ ತೂಗುತ್ತಿತ್ತು. ಹೆಣ್ಣುಮಗಳನ್ನ ನೋಡಕ್ಕೆ, ಎಂದಿದ್ದಳಲ್ಲ ಮುದುಕಿ.

"ಹಂಗಾದ್ರೆ ಬೇಡಲ್ಲ" ಎಂದಳು. ಮಾತು ಬೇವಿನ ಹಾಗೆ ಕಹಿಯಾಗಿತ್ತು. "ಹೆಂಗಿದ್ದಾಳೆ ಅಂತ ನೋಡ್ಕೊಂಡು ಬರ್ತೀನಿ. ಊಟ ಮಾಡಿದ್ಯಾ, ನಿದ್ದೆ ಬರ್ತದಾ ಅಂತ ಕೇಳ್ತೀನಿ. ಅಷ್ಟಕ್ಕಾದ್ರೂ ಬಿಡಿ."

ಹೆಬ್ಬಾವು ಬಾಯಿ ಮುಚ್ಚಿತು. "ಅದನ್ನ ಕೇಳಕ್ಕೆ ಇವತ್ತಿನವರೆಗೂ ಯಾರೂ ಬಂದಿಲ್ಲ" ಎಂದಿತು. ಸುರುಳಿ ಬಿಚ್ಚಿ ಪಕ್ಕಕ್ಕೆ ಸರಿಯಿತು.

ಹೊನ್ನಾಜಿ ಮೊಸಳೆಯ ಬೆನ್ನಿಳಿದು, ನೀರು ಹೊಕ್ಕಿರದ ಗರ್ಭಗುಡಿಗೆ ಕಾಲಿಟ್ಟಳು. ಗೌರಮ್ಮನ ಪೀಠದ ಕೆಳಗೆ, ಮಂಗಳೆ ಕೂತಿದ್ದಳು. ಹೊನ್ನಾಜಿ ನೋಡಿದಳು, ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಹಸಿರು ಸೀರೆಯ ಎಳೆ ಹುಡುಗಿ. ಮಡಿಲ ತುಂಬ ಚಿನ್ನದ ಮೊರಗಳು ಮೊರದ ಮೇಲೆ ಮೊರವಾಗಿ ಬಿದ್ದಿದ್ದವು. ಕೊಳೆತ ಅಕ್ಕಿ, ಮೊಳಕೆ ಬಂದ ತೆಂಗಿನಕಾಯಿ, ಒಡೆದ ಬಳೆ. ಆ ಭಾರದ ಅಡಿಯಲ್ಲಿ ಅವಳ ತೊಡೆ ಕಾಣುತ್ತಿರಲಿಲ್ಲ. ಏಳಲಾರದೆ, ಮಲಗಲಾರದೆ, ಕೂತಲ್ಲೇ ಬಾಡಿದ್ದಳು.

"ಯಾರವ್ವ? ಇನ್ನೂ ಅಕ್ಕಿ ತಂದ್ಯಾ?" ಎಂದಳು ಮಂಗಳೆ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಅದನ್ನು ಕೇಳಿ ಹೊನ್ನಾಜಿಗೆ ಅಳು ಬಂತು.

"ಆ ಕಲ್ಲುಗಣ್ಣ ನಿನ್ನ ಹಿಂಗೆ ಕಟ್ಟಿ ಹಾಕಿದ್ನಾ ತಾಯಿ?"

"ಅವನ ಕೈಲಿ ಏನಾಗ್ತದವ್ವ? ಅವನು ಬರಿ ಗೋಡೆ ಕಟ್ಟಿದ. ಗೋಡೆ ಹತ್ತಿ ಇಳಿಯೋದು ನನಗೇನು ಹೆಚ್ಚು? ನನ್ನ ಕಟ್ಟಿದ್ದು ತವರು. ಮಡಿಲು ತುಂಬಿಸಿಕೊಂಡ ಹೆಣ್ಣು ಏನು ಮಾಡಬೇಕು, ನೀನೇ ಹೇಳು?"

ಹೊನ್ನಾಜಿಗೆ ತಾನು ಹೊರಟ ದಿನ ನೆನಪಾಯಿತು. "ಹೊರಡಬೇಕು. ಹೊರಡೋ ಮುಂಚೆ ಆ ಅಕ್ಕೀಲಿ ಒಂದು ಹಿಡಿ ತವರಿನ ಮಡಕೆಗೆ ವಾಪಸ್ ಹಾಕಬೇಕು, ತವರು ಬರಿದಾಗದಿರಲಿ ಅಂತ. ಆಮೇಲೆ ಹೊಸಿಲು ದಾಟಬೇಕು."

"ನನ್ನ ಹಿಡಿ ತೊಗೊಳ್ಳಕ್ಕೆ ಯಾರು ನಿಂತ್ರು? ಮಡಿಲು ತುಂಬಿದ್ರು, ಬಾಗಿಲು ಹಾಕ್ಕೊಂಡು ಹೋದ್ರು. ಕೊಡಕ್ಕೆ ಬಿಡಲಿಲ್ಲ, ಹೋಗಕ್ಕೆ ಬಿಡಲಿಲ್ಲ. ಮತ್ತೆ ಬಂದು ಮತ್ತೆ ತುಂಬಿದ್ರು. ಮಡಿಲ ಭಾರ ಹೊತ್ತ ಹೆಣ್ಣು ನಿಂತುಹೋದ ಮನೇಲಿ ಕಲ್ಲಲ್ಲದೆ ಇನ್ನೇನು ಹುಟ್ತದೆ?"

ಕಲ್ಪಗಿರಿಯ ಜನ ಕೆಟ್ಟವರಲ್ಲ. ಪೂಜೆಯನ್ನೇ ಮಾಡಿದ್ದರು, ಭಕ್ತಿಯಿಂದಲೇ ಮಾಡಿದ್ದರು. ಆದರೆ ಕೈಮುಗಿಯುವಾಗ ಮುಗಿದ ಕೈಯೊಳಗೆ ಅವಳನ್ನೇ ಹಿಡಿದಿಟ್ಟುಕೊಂಡಿದ್ದರು. ಭಗವಂತ ನಮ್ಮೆಲ್ಲರನ್ನೂ ಅಂಥ ಭಕ್ತಿಯಿಂದ ಕಾಪಾಡಲಿ.

ಹೊನ್ನಾಜಿ ತಾನು ತಂದ ಗಂಟನ್ನು ಬಿಚ್ಚಲಿಲ್ಲ. ಸೆರಗು ಹಾಸಿ ಮಂಡಿಯೂರಿದಳು. "ಕೊಡವ್ವ. ನಾನು ನಿನ್ನ ತವರಿನೋಳು. ನಿನ್ನ ಹಿಡಿ ನನಗೆ ಕೊಡು. ಹೊರಡು."

ಮಂಗಳೆ ಅವಳ ಮುಖವನ್ನೇ ನೋಡಿದಳು. "ಒಂದು ಮಾತು ತಿಳ್ಕೊಂಡು ಕೈ ಒಡ್ಡು. ಕಲ್ಲಾದೋರೆಲ್ಲ ನನ್ನ ನೀರು ಕುಡಿದೋರು. ಅವರ ಉಸಿರು ನನ್ನಲ್ಲೇ ಇದೆ. ನಾನು ಹೋದ್ರೆ ಅದೂ ನನ್ನ ಜೊತೆ ಕಡಲಿಗೆ ಬರ್ತದೆ. ನಿನ್ನ ಗಂಡಂದೂ ಅಷ್ಟೇ. ನಾನು ತಿರುಗಿ ಬಂದ್ರೆ ಅದೂ ಬರ್ತದೆ."

"ಬರ್ತೀಯಾ ತಾನೇ ತಾಯಿ?"

"ಕಳಿಸೋರು ಹಂಗೆ ಕೇಳಬಾರದು ಹೊನ್ನಾಜಿ."

ಹೊನ್ನಾಜಿ ಒಡ್ಡಿದ ಸೆರಗು ಹಿಂದೆಗೆಯಲಿಲ್ಲ. ಮಂಗಳೆ ಒಂದು ಹಿಡಿ ಅಕ್ಕಿ ತೆಗೆದು ಅದರಲ್ಲಿ ಹಾಕಿದಳು. ಕೊಳೆತ ಅಕ್ಕಿ ಸೆರಗಿಗೆ ಬಿದ್ದ ಕೂಡಲೇ ಮಲ್ಲಿಗೆಯ ಹಾಗೆ ಬೆಳ್ಳಗಾಯಿತು. ಮೊರಗಳು ಕಳಚಿಕೊಂಡು ಉರುಳಿದವು. ಹೊಳೆ ಎದ್ದು ನಿಂತಳು.

ಇಬ್ಬರೂ ಕೈಹಿಡಿದುಕೊಂಡು ಮುಳುಗಿದ ಬೀದಿಯಲ್ಲಿ ಗೋಡೆಯ ಬುಡದವರೆಗೆ ನಡೆದರು. ಮಂಗಳೆಯ ಕೈ ಹಿಡಿದಿದ್ದರಿಂದ ಹೊನ್ನಾಜಿಗೆ ನೀರಿನಲ್ಲಿ ಉಸಿರು ಕಟ್ಟಲಿಲ್ಲ. ತೂಬಿನ ಕಲ್ಲಿಗೆ ಒಂದು ಕಬ್ಬಿಣದ ಬಳೆ ಇತ್ತು. ತವರಿನವರು ತೆಗೆದರೆ ಮಾತ್ರ ತೆರೆಯುವ ಬಾಗಿಲು ಅದು. ಮೇಲೆ, ಎಲ್ಲೋ ದೂರದಲ್ಲಿ, ಸೂರ್ಯ ಮುಳುಗುತ್ತಿದ್ದ. ನೀರು ಸಿಂಹದ ತುಟಿಗೆ ಬೆರಳಿನಷ್ಟು ಕೆಳಗಿತ್ತು.

ಹೊನ್ನಾಜಿ ಬಳೆಗೆ ಕೈ ಹಾಕಿದಳು. ಆಗ ಗೋಡೆ ಮಾತಾಡಿತು.

"ಹೊನ್ನಾ, ಮುಟ್ಟಬೇಡ."

ಕೆಂಚಣ್ಣನ ದನಿ. ಕಿವಿಯ ಪಕ್ಕದಲ್ಲೇ.

"ಅವಳು ಹೋದ್ರೆ ನನ್ನ ಉಸಿರೂ ಹೋಗ್ತದೆ. ಹೋದೋಳು ಬರ್ತಾಳೆ ಅಂತ ಯಾರು ಕಂಡವ್ರೆ? ಹಿಂಗೇ ಇರಲಿ ಬಿಡು. ಕಲ್ಲಾಗಿದ್ರೂ ನಿನ್ನ ಕಣ್ಣ ಮುಂದೆ ಇರ್ತೀನಿ. ದಿನಾ ಬಂದು ಮುಟ್ಟಿ ಹೋಗು."

ಹೊನ್ನಾಜಿಯ ಕೈ ನಿಂತಿತು.

"ನೆನಪಿದೆಯಾ? ಮೊದಲನೇ ಸಲ ಹರಿಗೋಲು ಹತ್ತಿದಾಗ ಹೆದರಿ ನನ್ನ ಪಂಚೆ ಚುಂಗು ಹಿಡ್ಕೊಂಡಿದ್ದೆ. ಅತ್ತೆಗೆ ಹೇಳಬೇಡಿ ಅಂದಿದ್ದೆ. ನಾನು ಹೇಳಿಲ್ಲ, ಹೊನ್ನಾ. ಈಗ ನನ್ನ ಕೈ ಬಿಡ್ತೀಯಾ?"

ಅದು ಅವರಿಬ್ಬರಿಗೇ ಗೊತ್ತಿದ್ದ ಮಾತು. ಮಾತಾಡುತ್ತಿರುವುದು ಮಾಯೆಯೋ, ನಿಜವಾಗಿ ಗಂಡನೋ ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಮೊಸಳೆಯ ಹಲ್ಲು, ಹೆಬ್ಬಾವಿನ ಗಂಟಲು ಎರಡೂ ಇದರ ಮುಂದೆ ಏನೂ ಅಲ್ಲವೆನಿಸಿತು. ಅವಳು ಮಂಗಳೆಯ ಕಡೆ ನೋಡಿದಳು. ಮಂಗಳೆ ತಲೆ ತಗ್ಗಿಸಿ ನಿಂತಿದ್ದಳು, ಹೊಸಿಲ ಬಳಿ ನಿಂತ ಎಲ್ಲ ಹೆಣ್ಣುಮಕ್ಕಳ ಹಾಗೆ.

"ನೀವೇ ಆಗಿದ್ರೆ ನನ್ನ ಹೊಟ್ಟೇಲಿರೋ ಸಂಕಟ ನಿಮಗೆ ಗೊತ್ತು" ಎಂದಳು ಹೊನ್ನಾಜಿ, ಕಲ್ಲಿಗೆ ಹಣೆಯಿಟ್ಟು. "ನಿಮ್ಮನ್ನ ಕಟ್ಟಿಹಾಕಿ ಇಟ್ಕೊಳ್ಳಲ್ಲ. ಇವಳ ಜೊತೆ ನೀವೂ ಹೋಗಿ ಬನ್ನಿ."

ಅಳುತ್ತಲೇ ಎಳೆದಳು. ತೂಬು ತೆರೆಯಿತು.

"ಹೋಗಿ ಬಾರವ್ವ" ಎಂದಳು.

ಮಂಗಳೆ ಅವಳ ಕೆನ್ನೆ ಮುಟ್ಟಿದಳು. ಆಮೇಲೆ ಹೊಳೆ ಹೊರಟಿತು. ಗೋಡೆ ಒಡೆಯಲಿಲ್ಲ, ಯಾರನ್ನೂ ಕೊಚ್ಚಲಿಲ್ಲ. ತೂಬಿನ ಅಗಲಕ್ಕೆ ಮೈ ಕುಗ್ಗಿಸಿಕೊಂಡು, ಹಳೆಯ ದಾರಿ ಹಿಡಿದು, ಕಡಲಿನ ಕಡೆ ನಡೆಯಿತು. ಮೊಸಳೆ ಹೊನ್ನಾಜಿಯನ್ನು ದಡಕ್ಕೆ ಹಾಕಿ, ಕಬ್ಬಿಣದ ಹಲ್ಲುಗಳನ್ನು ಒಂದೊಂದಾಗಿ ಉಗಿದು, ಹೊಳೆಯ ಹಿಂದೆಯೇ ಈಜಿ ಹೋಯಿತು.

ಸಿಂಹದ ತಲೆಯ ಮೇಲೆ ನಿಂತು ಸಂಜೆಗಾಗಿ ಕಾಯುತ್ತಿದ್ದ ಶಿಲಾಕ್ಷ ನೀರು ಇಳಿಯುವುದನ್ನು ಕಂಡು ಚೀರಿದ. ಮೆಟ್ಟಿಲಿಳಿದು ಓಡಿದ. ಎರಡೂ ಕೈಯಲ್ಲಿ ನೀರು ಬಾಚಿದ, ನೀರು ಬೆರಳಿನ ಸಂದಿಯಲ್ಲಿ ಜಾರಿತು. ಬಾಚಿದ, ಜಾರಿತು. ಅವನ ಪಾದ ಮರಳಾಯಿತು, ಮಂಡಿ ಮರಳಾಯಿತು, ಕೊನೆಗೆ ಎರಡು ಬೆಣಚುಕಲ್ಲು ಮಾತ್ರ ಉಳಿದವು. ಆ ತಾಯಿ ಅವನ್ನೂ ಬಿಡಲಿಲ್ಲ, ಮಡಿಲಿಗೆ ಹಾಕಿಕೊಂಡು ಹೋದಳು. ಅವನ ಬಾಯಾರಿಕೆಯೂ ಕಡಲಿನಲ್ಲಿ ತೀರಿರಬಹುದು.

ಆದರೆ ಕಲ್ಲುಗಳು ಕಲ್ಲಾಗಿಯೇ ಉಳಿದವು.

ಬೆಳಗಾದಾಗ ಊರವರೆಲ್ಲ ಏರಿಗೆ ಬಂದರು. ನೀರಿಲ್ಲ. ಕಣ್ಣು ಹಾಯುವವರೆಗೂ ಕೆಸರು. ಗೋಡೆಯಲ್ಲಿ ಸಾಲಾಗಿ ನಿಂತ ಕಲ್ಲುಗಳು. ಹೊನ್ನಾಜಿ ನಡೆದದ್ದನ್ನೆಲ್ಲ ಹೇಳಿದಳು. ರಾಜ ಧವಳವರ್ಮ ಬಂದು ಕೇಳಿದ: "ಯಾರ ಅಪ್ಪಣೆ ಕೇಳಿ ತೂಬು ತೆಗೆದೆ?"

"ಹೆಣ್ಣುಮಗಳನ್ನ ಗಂಡನ ಮನೆಗೆ ಕಳಿಸಕ್ಕೆ ಯಾರ ಅಪ್ಪಣೆ ಬೇಕು ಮಾಸ್ವಾಮಿ?"

ರಾಜ ಸಣ್ಣ ದನಿಯಲ್ಲಿ, "ಅವಳು ಬಾರದೇ ಹೋದರೆ?" ಎಂದ.

ಹೊನ್ನಾಜಿ ಪಡುವಣದ ಕಡೆ ತಿರುಗಿ ಕೈಮುಗಿದಳು.

ಗೋಡೆ ಮತ್ತೆ ಕರೆಯಲಿಲ್ಲ. ಆ ಮೌನ ಕರೆಗಿಂತ ಭಯಂಕರವಾಗಿತ್ತು. ಕೆಸರು ಬಿರಿಯಿತು. ಬಾವಿಗಳ ತಳ ಕಂಡಿತು. ಹೊನ್ನಾಜಿ ಕೊಡ ಹಿಡಿದು ಹೋದರೆ ಹೆಂಗಸರು ದಾರಿ ಬಿಡುತ್ತಿದ್ದರು, ಚುಚ್ಚುಮಾತು ಬಿಡುತ್ತಿರಲಿಲ್ಲ. "ಬಂದಳು ನೋಡ್ರೇ, ಹೊಳೆ ಕಳಿಸಿದ ಮಹಾತಾಯಿ! ನಿನ್ನ ಗಂಡನ್ನ ಕಳಕೊಂಡಿದ್ದು ಸಾಲದು ಅಂತ ನನ್ನ ಮಗನ ಉಸಿರನ್ನೂ ಕಡಲಿಗೆ ಹಾಕ್ದಲ್ಲೇ!" ಎಂದು ಒಬ್ಬಳು ಮಣ್ಣು ತೂರಿದಳು.

ಸಂಕವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು. "ನನ್ನ ಮಗನೂ ಅಲ್ಲೇ ಇದ್ದಾನೆ ಕಣೆ! ನನ್ನ ಸೊಸೇನ ಬೈಯೋ ಹಕ್ಕು ನನಗೊಬ್ಬಳಿಗೇ ಇರೋದು. ಮಣ್ಣು ಕೆಳಗಿಡು!" ಮನೆಗೆ ಬಂದ ಮೇಲೆ ಅದೇ ಸಂಕವ್ವ ಗೋಡೆಗೆ ಮುಖ ಮಾಡಿ ಮಲಗಿ, "ಬರ್ತಾಳಾ ಹೊನ್ನಾಜಿ?" ಎಂದು ಕೇಳುತ್ತಿದ್ದಳು.

"ಹಂಗೆ ಕೇಳಬಾರದಂತೆ ಅತ್ತೆ."

ದಿನವೂ ಹೊನ್ನಾಜಿ ಹೋಗಿ ಗಂಡನ ಕಲ್ಲಿನ ಮೇಲಿನ ಧೂಳು ಒರೆಸುತ್ತಿದ್ದಳು. ದಿನವೂ ಕಲ್ಲು ಬಿಸಿಲಿಗೆ ಇನ್ನಷ್ಟು ಬಿಳಚುತ್ತಿತ್ತು. ಒಂದು ದಿನ ಭುಜದ ಬಳಿ ಕೂದಲೆಳೆಯಂಥ ಬಿರುಕು ಕಂಡಳು. ಅವತ್ತು ಅವಳು ಉಣ್ಣಲಿಲ್ಲ. ತಪ್ಪು ಮಾಡಿದೆನೇ ಅಮ್ಮಾ ಎಂದು ಕೇಳಬೇಕೆಂದು ಬಾಯಿ ತೆರೆದಳು, ಕೇಳದೆ ಕೈಮುಗಿದಳು. ನಂಬಿಕೆಯೆಂದರೆ ಹೆದರದೆ ಇರುವುದಲ್ಲ, ಮಕ್ಕಳೇ. ಆ ಹೆಣ್ಣು ಎಲೆಯ ಹಾಗೆ ನಡುಗುತ್ತಲೇ ಕೈಮುಗಿಯುತ್ತಿದ್ದಳು.

ಆಷಾಢ ಒಣಗಿಯೇ ಕಳೆಯಿತು. ಶ್ರಾವಣದ ಒಂದು ಮಧ್ಯಾಹ್ನ ಪಡುವಣ ಕಡಲಿನಿಂದ ಎದ್ದ ಮೋಡ ಮೂಡಣ ಬೆಟ್ಟದ ಮೇಲೆ ಕವಿಯಿತು. ಮೊದಲು ನೆಂದ ಮಣ್ಣಿನ ವಾಸನೆ ಬಂತು. ಆಮೇಲೆ ಸದ್ದು. ನೂರು ಗಾಡಿಗಳು ಒಟ್ಟಿಗೆ ಉರುಳಿದ ಹಾಗೆ, ಕೆಂಪು ನೀರು, ಮರಗಳನ್ನು ಹೊತ್ತು, ನೊರೆ ಕಾರುತ್ತಾ ಗೋಡೆಯ ಕಡೆ ನುಗ್ಗಿ ಬಂತು.

"ಸೇಡು ತೀರಿಸ್ಕೊಳ್ಳಕ್ಕೆ ಬಂದ್ಲು! ಓಡ್ರೋ!" ಎಂದು ಜನ ದಿಕ್ಕಾಪಾಲಾದರು. ರಾಜನ ಕುದುರೆ ರಾಜನನ್ನೂ ಬಿಟ್ಟು ಓಡಿತು. ಹೊನ್ನಾಜಿ ಓಡಲಿಲ್ಲ. ಗಂಡನ ಕಲ್ಲಿಗೆ ಬೆನ್ನು ಕೊಟ್ಟು ಗೋಡೆಯ ಬುಡದಲ್ಲಿ ನಿಂತಳು. ಕೆಂಪು ನೀರು ತೆಂಗಿನಮರದೆತ್ತರ ಎದ್ದು ಬಂದು, ಅವಳ ಮುಂದೆ ಬಂದು… ನಿಂತಿತು. ಒಂದು ಮಾರು ದೂರದಲ್ಲಿ. ಒಳಗೆ ಬರಲೋ ಬೇಡವೋ ಎನ್ನುವ ಹಾಗೆ.

ಹಿಂದಿನಿಂದ ಯಾರೋ ಏದುಸಿರು ಬಿಡುತ್ತಾ ಬಂದರು. ಸಂಕವ್ವ. ಕೈಯಲ್ಲಿ ಒಂದು ಚೆಂಬು. ಮನೆಯ ಮಡಕೆಯಲ್ಲಿ ಉಳಿದಿದ್ದ ಕೊನೆಯ ನೀರು.

"ಮರದ ಹಾಗೆ ನಿಂತಿದ್ದೀಯಲ್ಲೇ! ತವರಿಗೆ ಬಂದ ಮಗಳನ್ನ ಹೊಸಿಲಾಚೆ ನಿಲ್ಲಿಸಿದ್ದೀಯಲ್ಲ, ಕಾಲಿಗೆ ನೀರು ಕೊಡಬೇಕು ಅಂತ ಗೊತ್ತಾಗಲ್ವಾ?" ಎಂದು ಸೊಸೆಯನ್ನು ಗದರಿ, ಆ ಮುದುಕಿ ಮುಂದೆ ನಡೆದಳು. ಹೊಳೆಗೇ ಕಾಲಿಗೆ ನೀರು ಕೊಡುವುದೇ ಎಂದು ನಗಬೇಡಿ. ತೆಂಗಿನಮರದೆತ್ತರದ ಆ ನೀರಿನ ಮುಂದೆ ಬಾಗಿ, ಸಂಕವ್ವ ಚೆಂಬಿನ ನೀರನ್ನು ಮೆಲ್ಲಗೆ ಸುರಿದಳು.

"ದಣಿದಿದ್ದೀಯ. ಒಳಗೆ ಬಾರವ್ವ" ಎಂದಳು.

ನೀರು ತಗ್ಗಿತು. ಮಂಡಿಯೆತ್ತರಕ್ಕೆ ಇಳಿದು, ಸಣ್ಣ ಮಕ್ಕಳು ಅಂಬೆಗಾಲಿಕ್ಕುವ ಹಾಗೆ ಒಳಗೆ ಬಂತು. ಹೊನ್ನಾಜಿಯ ಪಾದ ತೊಳೆಯಿತು, ಗೋಡೆಯ ಬುಡ ಮುಟ್ಟಿತು. ಅವಳ ಬೆನ್ನ ಹಿಂದೆ ಏನೋ ಬೆಚ್ಚಗಾಯಿತು. ಒಂದು ಉಸಿರು ಅವಳ ಕತ್ತಿಗೆ ತಾಗಿತು. ಗೋಡೆಯ ಉದ್ದಕ್ಕೂ ಕೆಮ್ಮು, ಸೀನು, "ಎಲ್ಲಿದ್ದೀನಿ ನಾನು?" ಎನ್ನುವ ದನಿಗಳು ಎದ್ದವು. ಅಮ್ಮಂದಿರು ಬಿದ್ದೆದ್ದು ಓಡಿ ಬಂದರು.

ಕೆಂಚಣ್ಣ ಕಣ್ಣುಜ್ಜಿಕೊಂಡು ನೋಡಿದ. ನೀರಲ್ಲಿ ನಿಂತ ಹೆಂಡತಿ, ಬರಿಯ ಚೆಂಬು ಹಿಡಿದು ಬಿಕ್ಕುತ್ತಿದ್ದ ಅವ್ವ.

"ಯಾಕವ್ವ ಅಳ್ತಿದ್ದೀಯ? ಯಾರು ಬಂದವ್ರೆ ಮನೆಗೆ?"

ಸಂಕವ್ವ ಅವನ ಭುಜಕ್ಕೊಂದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ. ಅಂದು ಗೋಡೆಯೊಳಗಿಂದ ಬೇಡಿಕೊಂಡವನು ಅವನೇ ಹೌದೋ ಅಲ್ಲವೋ, ಹೊನ್ನಾಜಿ ಎಂದೂ ಕೇಳಲಿಲ್ಲ.

ಕಲ್ಲಾಗಿದ್ದವರೆಲ್ಲ ಎದ್ದು ಬಂದದ್ದರಿಂದ ಗೋಡೆ ಈಗ ಅರ್ಧಕ್ಕರ್ಧ ತಗ್ಗಾಗಿತ್ತು. ರಾಜ ಅದನ್ನು ಹಾಗೇ ಬಿಟ್ಟ, ತೂಬಿನ ಬಾಗಿಲನ್ನು ಮಾತ್ರ ಕಿತ್ತು ಹಾಕಿಸಿದ. ಮಂಗಳೆ ಮಳೆಗಾಲದಲ್ಲಿ ಬಂದು, ಗೋಡೆಯ ಹಿಂದೆ ತವರಿನಲ್ಲಿ ಇರುವಷ್ಟು ದಿನ ಇದ್ದು, ಗದ್ದೆಗಳಿಗೆಲ್ಲ ಉಣಿಸಿ, ಗಂಡನ ಮನೆಗೆ ಹೊರಡುತ್ತಾಳೆ. ಊರ ಹೆಂಗಸರು ಸೆರಗು ಹಾಸಿ ಅವಳ ಹಿಡಿ ಪಡೆದು, ಏರಿಯ ಕೊನೆಯವರೆಗೂ ಜೊತೆಯಲ್ಲಿ ನಡೆದು ಬಿಟ್ಟು ಬರುತ್ತಾರೆ. ಆ ನಾಡಿನಲ್ಲಿ ಆಮೇಲೆ ಯಾರೂ ಬಾಯಾರಿ ಮಲಗಲಿಲ್ಲ, ಮುಸ್ಸಂಜೆಯಲ್ಲಿ ಯಾರೂ ಹೆದರಿ ಬಾಗಿಲು ಹಾಕಲಿಲ್ಲ. ಅವರನ್ನು ಕಾಯ್ದ ಆ ತಾಯಿ ಈ ಕತೆ ಕೇಳಿದವರನ್ನೂ, ಹೇಳಿದವರನ್ನೂ ತಣ್ಣಗೆ ಇಟ್ಟಿರಲಿ.